ಕ್ಲೈಂಟ್‌ಗಳಿಗೆ ಊರಿನ ಕೆಲಸಕ್ಕೆ ದಾನ ಕೊಡಿ ಅಂತ ಆಡಿಟರ್ ಹೇಳಬಹುದಾ?

ಹೇಳಬಹುದು. ಆದರೆ 80ಜಿ (ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ಮಂಜೂರಾತಿ) ಇರುವ ಟ್ರಸ್ಟ್‌ಗಳ ಪಟ್ಟಿ ಪ್ರಿಂಟ್ ಮಾಡಿ ಮಾರ್ಚ್‌ನಲ್ಲಿ ಎಲ್ಲರ ಕೈಗೂ ಕೊಡುವ ನಿಮ್ಮ ಯೋಚನೆ ಬೇಡ. ದಾವಣಗೆರೆಯಲ್ಲಿ ಈಗಷ್ಟೇ ಪ್ರಾಕ್ಟೀಸ್ ಶುರು ಮಾಡಿದ್ದೇನೆ, ಫೀಸು ತಗೊಂಡು ರಿಟರ್ನ್ ಹಾಕೋದಷ್ಟೇ ಅಲ್ಲದೆ ಊರಿಗೂ ಏನಾದರೂ ಆಗಲಿ ಅಂತ ಆಸೆ ಇದೆ ಎಂದು ಬರೆದಿದ್ದೀರಲ್ಲ, ಓದಿದ ಕೂಡಲೇ ನನ್ನ 2013ನೇ ಇಸವಿ ನೆನಪಾಯಿತು. ಆಗ ಪಿ.ಜೆ. ಬಡಾವಣೆಯಲ್ಲಿ ಒಂದೇ ರೂಮಿನ ಆಫೀಸು. ಕ್ಲೈಂಟ್‌ಗಳು ಐವತ್ತೂ ಇರಲಿಲ್ಲ. ಹುಮ್ಮಸ್ಸು ಮಾತ್ರ ಬೇಕಾದಷ್ಟಿತ್ತು.

ಆ ಐವತ್ತರಲ್ಲಿ ಒಂದು ಹಳೇ ಅಂಗಡಿ. ಅಪ್ಪನ ಕಾಲದಲ್ಲಿ ಮಂಡಿಪೇಟೆಯಲ್ಲಿ ಹತ್ತಿ ವ್ಯಾಪಾರ, ಮಕ್ಕಳ ಕಾಲಕ್ಕೆ ಎಪಿಎಂಸಿಯಲ್ಲಿ ಮೆಕ್ಕೆಜೋಳ. ನಾಲ್ಕು ಜನ ಅಣ್ಣತಮ್ಮಂದಿರು, ನಾಲ್ಕು ಫರ್ಮು. ದೊಡ್ಡವರನ್ನು ಎಲ್ಲರೂ ಯಜಮಾನರು ಅಂತಲೇ ಕರೆಯುತ್ತಿದ್ದರು. ಒಂದು ಮಧ್ಯಾಹ್ನ ಅವರ ಹಳೇ ಖಾತೆ ಪುಸ್ತಕ ನೋಡುತ್ತಿದ್ದೆ. ಕೆಂಪು ಬಟ್ಟೆಯ ರಟ್ಟು, ಮೊದಲ ಪುಟದಲ್ಲಿ ಶ್ರೀಕಾರ, ಅದರ ಮೇಲೆ ಒಣಗಿದ ಅರಿಶಿನ ಕುಂಕುಮದ ಕಲೆ. ಒಳಗೆ ಒಂದು ಪುಟಕ್ಕೆ 'ಧರ್ಮ' ಅಂತ ತಲೆಬರಹ. ಹಿಂದೆ ವ್ಯಾಪಾರಿಗಳು ಬಿಲ್ಲಿನ ಕೊನೆಗೆ ಧರ್ಮಕ್ಕೆ ಅಂತ ಚಿಲ್ಲರೆ ಕಾಸು ಸೇರಿಸಿ ಹಿಡಿಯುತ್ತಿದ್ದರು, ಅದಕ್ಕೆ ಬೇರೆಯೇ ಖಾತೆ. ಅಂಥ ಹಣ ವ್ಯಾಪಾರಿಯ ಆದಾಯ ಅಲ್ಲ, ಧರ್ಮಕ್ಕೆ ಮುಡಿಪಾದದ್ದು ಅಂತ 1979ರಲ್ಲಿ ಬಿಜ್ಲಿ ಕಾಟನ್ ಮಿಲ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ನೀವೂ ಓದಿರುತ್ತೀರಿ. ಇವರ ಅಂಗಡಿಯಲ್ಲಿ ಹಿಡಿಯೋದು ಯಾವತ್ತೋ ನಿಂತಿತ್ತು. ಆದರೆ ಬಾಕಿ ಮಾತ್ರ ವರ್ಷದಿಂದ ವರ್ಷಕ್ಕೆ ಹಾಗೇ ಮುಂದಕ್ಕೆ ಬರೆದುಕೊಂಡು ಬಂದಿದ್ದರು. ಎರಡು ಲಕ್ಷದ ಮೇಲಿತ್ತು.

"ಯಜಮಾನ್ರೇ, ಇದು ಸುಮ್ನೆ ಬಿದ್ದಿದೆಯಲ್ಲ" ಅಂದೆ. ಅವರು ಕನ್ನಡಕ ತೆಗೆದು ಆ ಪುಟವನ್ನು ತುಂಬಾ ಹೊತ್ತು ನೋಡಿದರು. ಅಪ್ಪನ ಅಕ್ಷರ. "ಎಲ್ಲಿಗೆ ಕೊಡೋಣ, ನೀವೇ ಹೇಳಿ" ಅಂದರು.

ನಾನು ತಡಮಾಡದೆ ಒಂದು ಹಾಸ್ಟೆಲ್ ಟ್ರಸ್ಟಿನ ಹೆಸರು ಹೇಳಿದೆ. ಹಳ್ಳಿ ಹುಡುಗರಿಗೆ ಊಟ, ವಸತಿ, ಎಲ್ಲ ಉಚಿತ. ಒಳ್ಳೆಯ ಜಾಗ, ಈಗಲೂ ಅದೇ ಮಾತು ಹೇಳುತ್ತೇನೆ. ಅವರು ಹೋಗಿ ನೋಡಿಕೊಂಡು ಬಂದು ಎರಡು ಲಕ್ಷದ ಚೆಕ್ ಕೊಟ್ಟರು.

ನಾನು ಹೇಳದೇ ಬಿಟ್ಟಿದ್ದು ಇಷ್ಟು: ಆ ಟ್ರಸ್ಟಿನ ಆಡಿಟರ್ ನಾನೇ. ಟ್ರಸ್ಟಿಗಳಲ್ಲಿ ಒಬ್ಬ ನನ್ನ ಹೆಂಡತಿಯ ತಮ್ಮ.

ಯಾಕೆ ಹೇಳಲಿಲ್ಲ ಅಂತ ಇವತ್ತಿಗೂ ಯೋಚಿಸುತ್ತೇನೆ. ಮುಚ್ಚಿಡಬೇಕು ಅಂತ ಇರಲಿಲ್ಲ, ಖಂಡಿತ ಇರಲಿಲ್ಲ. ಆ ಆಡಿಟ್‌ಗೆ ಒಂದು ರೂಪಾಯಿ ಫೀಸು ತಗೊಳ್ಳುತ್ತಿರಲಿಲ್ಲ. ಫೀಸೇ ಇಲ್ಲದ ಮೇಲೆ ಹೇಳೋಕೆ ಏನಿದೆ ಅಂದುಕೊಂಡೆ. ನನ್ನ ಲೆಕ್ಕ ತಪ್ಪಿದ್ದು ಅಲ್ಲೇ. ಲಾಭ ಅಂದರೆ ದುಡ್ಡು ಅಂತ ಮಾತ್ರ ತಿಳಿದಿದ್ದೆ. ಆದರೆ ನೋಡಿ, ಎರಡು ಲಕ್ಷ ತಂದುಕೊಟ್ಟೆ ಅಂತ ಆ ಟ್ರಸ್ಟಿನಲ್ಲಿ ನನ್ನ ಗೌರವ ಹೆಚ್ಚಾಯಿತು, ಭಾವಮೈದನಿಗೆ ಹೆಸರು ಬಂತು, ಹೆಂಡತಿ ಮನೆಯವರು ಖುಷಿಪಟ್ಟರು. ಅದೆಲ್ಲ ನನಗೆ ಬಂದದ್ದೇ ಅಲ್ವಾ? ಇನ್ನೊಂದು, ಆಡಿಟರ್ ಆದವನು ಆ ಟ್ರಸ್ಟಿನ ಲೆಕ್ಕ ಸರಿ ಇದೆ ಅಂತ ಹೊರಗಿನವನ ಹಾಗೆ ನಿಂತು ಸಹಿ ಹಾಕಬೇಕು. ಅದೇ ಟ್ರಸ್ಟಿಗೆ ದುಡ್ಡು ತಂದುಕೊಟ್ಟ ಮೇಲೆ ನಾನು ಹೊರಗಿನವನು ಹೇಗಾಗುತ್ತೇನೆ? ಇದ್ಯಾವುದೂ ಆವತ್ತು ಹೊಳೆಯಲಿಲ್ಲ. ಒಳ್ಳೆ ಕೆಲಸ ಮಾಡುತ್ತಿದ್ದೇನೆ ಅನ್ನೋ ಸಂತೋಷದಲ್ಲಿ ನನ್ನನ್ನು ನಾನು ಪ್ರಶ್ನೆ ಮಾಡಿಕೊಳ್ಳಲೇ ಇಲ್ಲ. "ಯಜಮಾನ್ರೇ, ಇದರ ಲೆಕ್ಕ ನೋಡೋನು ನಾನೇ, ನಮ್ಮ ಭಾವಮೈದ ಅಲ್ಲಿದ್ದಾನೆ, ಅದಕ್ಕೇ ಇನ್ನೂ ಎರಡು ಕಡೆ ವಿಚಾರಿಸಿ" ಅಂದಿದ್ದರೆ ಮುಗಿದಿತ್ತು. ಅರ್ಧ ನಿಮಿಷದ ಮಾತು. ಬಹುಶಃ ಆಗಲೂ ಅಲ್ಲಿಗೇ ಕೊಡುತ್ತಿದ್ದರು.

ಮುಂದಿನ ವರ್ಷ ಟ್ರಸ್ಟಿನವರು ದಾನಿಗಳಿಗೆಲ್ಲ ವಾರ್ಷಿಕ ವರದಿ ಕಳಿಸಿದರು. ಯಜಮಾನರು ಅದನ್ನು ಹಿಡಿದುಕೊಂಡು ಆಫೀಸಿಗೆ ಬಂದರು. ಕೂರಲಿಲ್ಲ. ಪುಸ್ತಕ ತೆಗೆದು ಟೇಬಲ್ ಮೇಲಿಟ್ಟು, ಕೊನೆಯ ಪುಟದಲ್ಲಿ ನನ್ನ ಸಹಿಯ ಮೇಲೆ ಬೆರಳಿಟ್ಟರು. "ಇದನ್ನ ಮೊದಲೇ ಹೇಳಬಹುದಿತ್ತಲ್ವಾ?" ಅಷ್ಟೇ. ದನಿ ಏರಿಸಲಿಲ್ಲ. ನಾನು ಫೀಸು ತಗೊಳ್ಳಲ್ಲ ಅಂತ ವಿವರಿಸೋಕೆ ಹೋದೆ. ಅವರು ಕೇಳಿಸಿಕೊಂಡರು, ತಲೆಯಾಡಿಸಿದರು, ಹೋದರು. ಒಂದು ತಿಂಗಳಲ್ಲಿ ನಾಲ್ಕೂ ಫರ್ಮಿನ ಫೈಲುಗಳು ಬೇರೆ ಆಡಿಟರ್ ಹತ್ತಿರ ಹೋದವು. ನನ್ನ ಆದಾಯದಲ್ಲಿ ಮೂರನೇ ಒಂದು ಪಾಲು ಹೋಯಿತು.

ಅದನ್ನೂ ತಡೆದುಕೊಂಡೆ. ತಡೆಯೋಕೆ ಆಗದೇ ಇದ್ದದ್ದು ಇನ್ನೊಂದು. ಎಪಿಎಂಸಿಯಲ್ಲಿ ಮಾತು ಹರಡೋಕೆ ಎಷ್ಟು ಹೊತ್ತು ಬೇಕು? ಆಡಿಟರ್ ಕಮಿಷನ್ ತಿಂದ ಅಂತಾಯಿತು. ಆ ಹಾಸ್ಟೆಲ್ಲಿಗೆ ತಿಂಗಳಿಗೊಂದು ಮೂಟೆ ಅಕ್ಕಿ ಕಳಿಸುತ್ತಿದ್ದ ಮೂರು ಅಂಗಡಿಯವರು ನಿಲ್ಲಿಸಿಬಿಟ್ಟರು. ನಾನು ಬಾಯಿ ಬಿಡದೇ ಇದ್ದದ್ದಕ್ಕೆ ಹುಡುಗರ ಅಡುಗೆಮನೆಗೆ ಬರುವ ಅಕ್ಕಿ ನಿಂತಿತು. ಆ ವರ್ಷವೇ ಅಲ್ಲಿನ ಆಡಿಟ್ ಬಿಟ್ಟೆ.

ಈಗ ನಿಮ್ಮ ಪಟ್ಟಿಯ ವಿಷಯ. ಕ್ಲೈಂಟ್‌ಗಳಿಗೆ ಕೊಡುವ ಅಭ್ಯಾಸ ಇಲ್ಲ, ತೆರಿಗೆ ಉಳಿತಾಯ ತೋರಿಸಿದರೆ ಕೊಡುತ್ತಾರೆ ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪೋದಿಲ್ಲ. ಡಿಆರ್‌ಎಂ ಕಾಲೇಜಿನ ಮುಂದೆ ಎಷ್ಟು ಸಲ ಓಡಾಡಿದ್ದೀರಿ? ಆ ಮೂರು ಅಕ್ಷರ ಅಂದರೆ ಧರ್ಮಪ್ರಕಾಶ ರಾಜನಹಳ್ಳಿ ಮದ್ದೂರಾಯಪ್ಪ, ಈ ಊರಿನ ದಾನಿ. ದಾಸೋಹ ಅನ್ನೋ ಮಾತನ್ನು ನಮ್ಮ ಕಡೆಯವರಿಗೆ ಆಡಿಟರ್ ಬಂದು ಕಲಿಸಬೇಕಾ? ಜಾತ್ರೆಗೆ, ಮಠಕ್ಕೆ, ಓಣಿಯ ಗುಡಿಗೆ, ಮದುವೆ ಆಗದ ಹುಡುಗಿಯ ಮನೆಗೆ, ಎಲ್ಲ ಕಡೆ ಕೊಡುತ್ತಲೇ ಇರುತ್ತಾರೆ. ನಮಗೆ ರಸೀದಿ ತೋರಿಸಿರೋದಿಲ್ಲ, ಅಷ್ಟೇ.

ತೆರಿಗೆಯಿಂದ ಮಾತು ಶುರು ಮಾಡಿದರೆ ಮುಂದೆ ದಾರಿಯೂ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಜಿ ರಿಯಾಯಿತಿ ಇಲ್ಲ, ಮತ್ತು 2023-24ರಿಂದ ಏನೂ ಆರಿಸದೇ ಇದ್ದರೆ ಹೊಸದೇ ಅನ್ವಯ. ಹಳೆಯದರಲ್ಲಿ ಇದ್ದರೂ ಹೆಚ್ಚಿನ ಟ್ರಸ್ಟ್‌ಗಳಿಗೆ ಕೊಟ್ಟದ್ದರಲ್ಲಿ ಅರ್ಧಕ್ಕೆ ಮಾತ್ರ, ಅದಕ್ಕೂ ಆದಾಯದ ಶೇ. 10ರ ಮಿತಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಸೊನ್ನೆ. ಅಕ್ಕಿ ಮೂಟೆ ಕೊಟ್ಟರೂ ಸೊನ್ನೆ. ಇನ್ನು ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ ತೋಟದ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲವಲ್ಲ, ಅವರಿಗೆ ನಿಮ್ಮ ಪಟ್ಟಿಯಿಂದ ಏನಾಗಬೇಕು? ಈ ಸುತ್ತಿನಲ್ಲಿ ಕೈ ಬಿಚ್ಚಿ ಕೊಡುವ ಶಕ್ತಿ ಇರೋರಲ್ಲಿ ಅವರು ಎಷ್ಟು ಜನ ಇದ್ದಾರೆ ಗೊತ್ತಾ?

ನಾನು ಈಗ ಒಂದೇ ಪ್ರಶ್ನೆ ಕೇಳುತ್ತೇನೆ. "ನಿಮ್ಮೂರಿಗೆ ಏನಾದರೂ ಮಾಡಬೇಕು ಅಂತ ಮನಸ್ಸಿನಲ್ಲಿ ಇದೆಯಾ?" ಕೇಳಿ ಸುಮ್ಮನಾಗುತ್ತೇನೆ. ಮಾರ್ಚ್‌ನಲ್ಲಂತೂ ಕೇಳೋದೇ ಇಲ್ಲ. ಸೈಟು ಮಾರಿ ದುಡ್ಡು ಬಂದಾಗ, ಅಂಗಡಿ ಮಗನ ಕೈಗೆ ಹೋಗುವಾಗ, ಉಯಿಲು ಬರೆಸುವಾಗ ಕೇಳುತ್ತೇನೆ. ಉಯಿಲು ಬರೆಯುವ ವಕೀಲರೊಬ್ಬರು, ಒಬ್ಬ ಎಲ್‌ಐಸಿ ಏಜೆಂಟು, ನಾನು, ಮೂವರೂ ಹೀಗೇ ಕೇಳೋಣ ಅಂತ ಮಾತಾಡಿಕೊಂಡಿದ್ದೇವೆ. ಅದಕ್ಕೆ ಫೀಸು ಇಲ್ಲ, ನಾವ್ಯಾರೂ ಟ್ರಸ್ಟ್ ಮಾಡಿಲ್ಲ, ಮಾಡೋದೂ ಇಲ್ಲ.

ಒಬ್ಬ ಅಡಿಕೆ ಬೆಳೆಗಾರರಿಗೆ ಹೀಗೆ ಕೇಳಿದಾಗ ಐದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ, ತಾವು ಓದಿದ ಸರ್ಕಾರಿ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲ, ಮೊಮ್ಮಗಳು ಮಧ್ಯಾಹ್ನದವರೆಗೆ ನೀರೇ ಕುಡಿಯೋದಿಲ್ಲ ಅಂದರು. ಆ ಶಾಲೆ ನನ್ನ ಯಾವ ಪಟ್ಟಿಯಲ್ಲಿ ಇರುತ್ತಿತ್ತು ಹೇಳಿ? ನಾನು ಮಾಡಿದ್ದು ಇಷ್ಟೇ: ದುಡ್ಡನ್ನು ಯಾರ ಕೈಗೂ ಕೊಡಬೇಡಿ, ಎಸ್‌ಡಿಎಂಸಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯ ಖಾತೆಗೆ ಚೆಕ್ ಬರೆಯಿರಿ, ಸಭೆಯ ನಡಾವಳಿಯಲ್ಲಿ ಬರೆಸಿ ಅಂದೆ. ಎರಡು ಶೌಚಾಲಯ, ಒಂದು ನೀರಿನ ಟ್ಯಾಂಕು ಆಯಿತು. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ ಅಂತ ಮೊಮ್ಮಗಳನ್ನೇ ಕಳಿಸಿ ನೋಡಿಸಿದರಂತೆ.

ಯಾರಾದರೂ ತಾವಾಗಿ ಒಂದು ಟ್ರಸ್ಟಿನ ಹೆಸರು ಹೇಳಿದರೆ ನಮ್ಮ ಕೆಲಸ ಶುರು. 80ಜಿ ಮಂಜೂರಾತಿಗೆ ಅವಧಿ ಇರುತ್ತದೆ, ಅದು ಮುಗಿದಿದೆಯಾ ನೋಡಿ. ಬರೀ ರಸೀದಿ ಸಾಲದು, 2021-22ರಿಂದ ಟ್ರಸ್ಟು ದಾನಿಗಳ ವಿವರವನ್ನು ಇಲಾಖೆಗೆ ಸಲ್ಲಿಸಿ ಸರ್ಟಿಫಿಕೇಟ್ ಕೊಡಬೇಕು, ಕೊಡುತ್ತಾರಾ ಕೇಳಿ. ಮೂರು ವರ್ಷದ ಲೆಕ್ಕಪತ್ರ ತರಿಸಿ. ಆಮೇಲೆ ಊಟದ ಹೊತ್ತಿಗೆ, ಮೊದಲೇ ಹೇಳದೆ, ಕ್ಲೈಂಟನ್ನೇ ಹೋಗಿ ನೋಡಿ ಬರೋಕೆ ಹೇಳಿ. ಆ ಸಂಸ್ಥೆಯಲ್ಲಿ ನಿಮ್ಮ ಸಹಿ, ನಿಮ್ಮ ನೆಂಟರು, ನಿಮ್ಮ ಮಠ, ನಿಮ್ಮ ಹಳೇ ಮೇಷ್ಟ್ರು, ಏನೇ ಸಂಬಂಧ ಇರಲಿ, ಇದೆಲ್ಲದಕ್ಕೂ ಮೊದಲು ಅದನ್ನು ಬಾಯಿಬಿಟ್ಟು ಹೇಳಿ. ಸಣ್ಣದು ಅಂತ ನಿಮಗೆ ಅನಿಸಿದರೆ ಇನ್ನೂ ಬೇಗ ಹೇಳಿ.

ಒಂದು ಕೆಲಸ ಮಾಡಿ. ದೀಪಾವಳಿಗೆ ಲಕ್ಷ್ಮಿ ಪೂಜೆ, ಖಾತೆ ಪೂಜೆ ಅಂತ ಅಂಗಡಿಯವರು ಕರೆಯುತ್ತಾರಲ್ಲ, ತಪ್ಪಿಸಬೇಡಿ, ಹೋಗಿ. ಮಂಡಕ್ಕಿ ಕೊಡುತ್ತಾರೆ, ತಿನ್ನಿ, ಸ್ವಲ್ಪ ಹೊತ್ತು ಕೂತಿರಿ. ಹಳೇ ಅಂಗಡಿಯಾದರೆ ಒಂದಾದರೂ ಕೆಂಪು ಪುಸ್ತಕ ಪೂಜೆಗೆ ಇಟ್ಟಿರುತ್ತಾರೆ. ಧರ್ಮದ ಪುಟ ಇದೆಯಾ, ಅದನ್ನು ಬರೆದವರು ಯಾರು ಅಂತ ಯಜಮಾನರನ್ನು ಕೇಳಿ. ಅವರು ಹೇಳುತ್ತಾ ಹೋಗಲಿ. ಆವತ್ತು ನೀವು ಯಾವ ಟ್ರಸ್ಟಿನ ಹೆಸರನ್ನೂ ಎತ್ತಬೇಡಿ.