ವಿತರಕರು ಒಪ್ಪಿದ ಮೇಲೂ ಒಪ್ಪಂದ ನಿಂತಿರುವುದೇಕೆ?
ನಿಮ್ಮ ಚಲನಚಿತ್ರವನ್ನು ಮೆಚ್ಚಿದ ವಿತರಕರು ದಾಖಲೆಗಳನ್ನು ನೋಡಿದ ಮೇಲೆ ಸುಮ್ಮನಾಗಿದ್ದಾರೆ ಎಂದರೆ, ಕೊರತೆ ಬಹುತೇಕ ಹಕ್ಕುಪತ್ರಗಳಲ್ಲೇ, ಅಂದರೆ ಚಿತ್ರದ ಕಥೆ, ಸಂಗೀತ ಮುಂತಾದವುಗಳ ಹಕ್ಕು ನಿಮ್ಮ ಬಳಿ ಇದೆ ಎಂದು ತೋರಿಸುವ ಪತ್ರಗಳಲ್ಲೇ ಇರುತ್ತದೆ. ನಿಮ್ಮ ಕಡತ ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ. ಮೊದಲು ಕಥೆ, ಚಿತ್ರಕಥೆ, ಸಂಭಾಷಣೆ ಬರೆದವರೆಲ್ಲರಿಂದ, ಸ್ನೇಹಕ್ಕಾಗಿ ಬರೆದುಕೊಟ್ಟವರಿಂದಲೂ, ಹಕ್ಕು ವರ್ಗಾವಣೆಯ ಪತ್ರಕ್ಕೆ ಸಹಿ ಪಡೆಯಿರಿ. ಅನಂತರ ಸಂಗೀತವನ್ನು ಪರಿಶೀಲಿಸಿ. ನನ್ನ ಮೊದಲ ಚಿತ್ರದಲ್ಲಿ, ಅಡುಗೆಮನೆಯ ದೃಶ್ಯದ ಹಿಂದೆ ರೇಡಿಯೋದಲ್ಲಿ 11 ಸೆಕೆಂಡು ಕೇಳಿಬರುವ ಹಾಡೊಂದೇ ಒಪ್ಪಂದವನ್ನು ತಡೆದಿತ್ತು, ಏಕೆಂದರೆ ರಚನೆಯ ಹಕ್ಕು ಒಬ್ಬರದು, ಧ್ವನಿಮುದ್ರಣದ ಹಕ್ಕು ಇನ್ನೊಬ್ಬರದು, ಎರಡಕ್ಕೂ ಪ್ರತ್ಯೇಕ ಅನುಮತಿ ಬೇಕಿತ್ತು. ಅನುಮತಿ ಸಿಗದಿದ್ದರೆ ಹಾಡನ್ನು ತೆಗೆಸಿ. ಅದು ಸಂಭಾಷಣೆಯೊಡನೆಯೇ ಮುದ್ರಣವಾಗಿದ್ದರೆ ಆ ದೃಶ್ಯಕ್ಕೆ ಮತ್ತೆ ಡಬ್ಬಿಂಗ್ ಮಾಡಿಸಬೇಕಾಗುತ್ತದೆ. ಕಲಾವಿದರ ಒಪ್ಪಿಗೆ ಪತ್ರಗಳನ್ನೂ ಸೇರಿಸಿ, ಯಾವ ಪತ್ರ ಬಾಕಿಯಿದೆ ಎಂದು ವಿತರಕರನ್ನೇ ಲಿಖಿತವಾಗಿ ಕೇಳಿ.