ಬೇಸ್ ಗಿಟಾರಿನ ಪೆಟ್ಟು ಕೇಳಿಸಬೇಕಾದರೆ ಮೊದಲು ಕೋಣೆಯನ್ನು ಅಳೆಯಿರಿ

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯಲ್ಲಿ ಹಾಡುಗಳನ್ನು ಮಿಕ್ಸ್ ಮಾಡುತ್ತೀರಿ (ವಾದ್ಯಗಳ ಟ್ರ್ಯಾಕುಗಳನ್ನು ಹದವಾಗಿ ಬೆರೆಸುತ್ತೀರಿ), ಅಲ್ಲಿ ಹಿತವಾಗಿ ಕೇಳುವ ಬೇಸ್ ಗಿಟಾರ್ ಕಾರಿನಲ್ಲಿ ಗುಂಯ್‌ಗುಡುತ್ತದೆ, ಫೋನಿನಲ್ಲಿ ಕಾಣೆಯಾಗುತ್ತದೆ, 80 ಹರ್ಟ್ಜ್ ಸುತ್ತ ಎಷ್ಟು ಏರಿಸಿದರೂ ಪೆಟ್ಟು (ಪಂಚ್, ಸ್ವರ ಶುರುವಾಗುವಾಗಿನ ಗಟ್ಟಿ ಏಟು) ಬರುತ್ತಿಲ್ಲ ಎಂದು ಕೇಳಿದ್ದೀರಿ. ನಾನು ವೃತ್ತಿಯಿಂದ ಸೌಂಡ್ ಇಂಜಿನಿಯರ್ ಅಲ್ಲ. ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಸ್ನೇಹಿತರ ರಾಕ್ ಹಾಡುಗಳನ್ನೂ ಭಾವಗೀತೆಗಳನ್ನೂ ಎಂಟು ವರ್ಷಗಳಿಂದ ಮಿಕ್ಸ್ ಮಾಡುತ್ತಿದ್ದೇನೆ. ನೀವು ವಿವರಿಸಿದ ಲಕ್ಷಣಗಳನ್ನು ನೋಡಿದರೆ ನಿಮ್ಮ ಬೇಸ್‌ನಲ್ಲಿ ಮಂದ್ರ ಕಡಿಮೆಯಾಗಿಲ್ಲ, ಹೆಚ್ಚೇ ಆಗಿದೆ. ಕಡಿಮೆಯಾಗಿರುವುದು ಅದರ ಮೇಲಿನ ಭಾಗ. ಅದನ್ನು ನಿಮಗೆ ಕಾಣಗೊಡದೆ ಮರೆಮಾಚುತ್ತಿರುವುದು ನಿಮ್ಮ ಕೋಣೆ.

ಬೇಸ್ ಗಿಟಾರಿನ ಅತಿ ದಪ್ಪನೆಯ ಇ ತಂತಿಯ ಕಂಪನ ಸುಮಾರು 41 ಹರ್ಟ್ಜ್. ಅದರ ಒಂದು ಅಲೆಯ ಉದ್ದವೇ ಇಪ್ಪತ್ತೇಳು ಅಡಿ. ಎದುರುಬದುರು ಗೋಡೆಗಳ ನಡುವಿನ ಅಂತರವು ಅಲೆಯ ಉದ್ದದ ಅರ್ಧದಷ್ಟಾದಾಗ ಆ ಸ್ವರ ಕೋಣೆಯಲ್ಲೇ ಅನುರಣಿಸುತ್ತ ಉಬ್ಬಿಕೊಳ್ಳುತ್ತದೆ. ಹತ್ತು ಅಡಿ ಅಂತರಕ್ಕೆ ಈ ಲೆಕ್ಕ ಸುಮಾರು 56 ಹರ್ಟ್ಜ್ ಬರುತ್ತದೆ, ಎ ತಂತಿಯನ್ನು ಖಾಲಿ ಮೀಟಿದರೆ ಬರುವ ಸ್ವರ 55. ನಮ್ಮ ಮನೆಗಳ ಚಾವಣಿಯೂ ಸಾಮಾನ್ಯವಾಗಿ ಹತ್ತು ಅಡಿಯೇ ಇರುವುದರಿಂದ ಅಗಲವೂ ಎತ್ತರವೂ ಒಂದೇ ಸ್ವರವನ್ನು ಊದಿಸುತ್ತವೆ. ನನ್ನ ಕೋಣೆಯದೂ ಇದೇ ಅಳತೆ. ಗೋಡೆಗೆ ಬೆನ್ನು ತಾಗಿಸಿ ಕುಳಿತು ಕೆಲಸ ಮಾಡುತ್ತಿದ್ದ ಕಾಲದಲ್ಲಿ, ಎ ಸ್ವರ ಬಂದಲ್ಲೆಲ್ಲ ಫೇಡರ್ (ಟ್ರ್ಯಾಕಿನ ಮಟ್ಟದ ಗುಂಡಿ) ಇಳಿಸುತ್ತ ಒಂದು ಹಾಡಿನ ಮೇಲೆ ಎರಡು ವಾರ ಕಳೆದೆ. ಸ್ನೇಹಿತನ ಮನೆಯಲ್ಲಿ ಅದನ್ನು ಹಾಕಿದಾಗ ಬೇಸ್ ವಾದಕ ಅಲ್ಲಲ್ಲಿ ಎದ್ದು ಹೋಗಿ ಮತ್ತೆ ಬಂದು ಕುಳಿತಂತೆ ಕೇಳಿಸಿತು.

ಆದ್ದರಿಂದ ಪ್ಲಗಿನ್ ಮುಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಸಾಫ್ಟ್‌ವೇರ್ ಸಿಂಥ್‌ನಲ್ಲಿ ಸರಳವಾದ ಸೈನ್ ಸ್ವರವನ್ನು ಇಟ್ಟುಕೊಂಡು, ಕೆಳಗಿನ ಇ ಸ್ವರದಿಂದ ಎರಡು ಸ್ಥಾಯಿಗಳವರೆಗೆ ಒಂದೊಂದೇ ಮನೆಯಾಗಿ ಒಂದೇ ಮಟ್ಟದಲ್ಲಿ ನುಡಿಸುತ್ತ, ಯಾವುದು ಉಬ್ಬುತ್ತದೆ, ಯಾವುದು ಮಾಯವಾಗುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಸ್ಪೀಕರ್‌ಗಳು ಕೋಣೆಯ ಉದ್ದಕ್ಕೆ ಮುಖಮಾಡಿರಲಿ. ಕುರ್ಚಿ ಎದುರು ಗೋಡೆಯಿಂದ ಸುಮಾರು ನಾಲ್ಕೂವರೆ ಅಡಿ ದೂರದಲ್ಲಿರಲಿ. ಉದ್ದದ ನಟ್ಟನಡುವೆ ಮಾತ್ರ ಕೂರಬೇಡಿ, ಏಕೆಂದರೆ ಆ ದಿಕ್ಕಿನ ಮೊದಲ ಅನುರಣನ ಸರಿಯಾಗಿ ಅಲ್ಲಿಯೇ ಸೊನ್ನೆಯಾಗುತ್ತದೆ. ಗೋಡೆಗೆ ಅಂಟಿಸುವ ಎರಡಿಂಚಿನ ಸ್ಪಂಜು ಇಷ್ಟು ಉದ್ದದ ಅಲೆಗೆ ಏನೂ ಮಾಡುವುದಿಲ್ಲ, ಮೊಟ್ಟೆಯ ಟ್ರೇಗಳಂತೂ ಕೇಳಲೇಬೇಡಿ. ಮೂಲೆಗಳಲ್ಲಿ ದಪ್ಪನಾಗಿ ರಾಕ್‌ವುಲ್ (ಕಲ್ಲಿನ ನಾರಿನ ಹಾಸು) ನಿಲ್ಲಿಸಿದರೆ ಸ್ವಲ್ಪ ಪ್ರಯೋಜನವಿದೆ. ಅದು ಆಗದಿದ್ದರೆ ಮಂದ್ರದ ತೀರ್ಮಾನಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಮಾಡಿ.

ಇನ್ನು ರೆಕಾರ್ಡಿಂಗ್. ಗಿಟಾರಿನ ವೈರನ್ನು ಇಂಟರ್ಫೇಸಿಗೆ (ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆಗೆ) ನೇರವಾಗಿ ಚುಚ್ಚುವಾಗ "ಇನ್‌ಸ್ಟ್ರುಮೆಂಟ್" ಅಥವಾ "ಹೈ-ಝಡ್" ಎಂಬ ಗುಂಡಿ ಒತ್ತಿರಲೇಬೇಕು. ಬ್ಯಾಟರಿಯಿಲ್ಲದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ತನ್ನ ಎದುರು ಒಂದು ಮೆಗಾಓಮ್‌ನಷ್ಟು ತಡೆಯನ್ನು ಬಯಸುತ್ತದೆ. ಲೈನ್ ಇನ್‌ಪುಟ್‌ನಲ್ಲಿ ಅದು ಕೆಲವು ಹತ್ತು ಸಾವಿರ ಓಮ್‌ಗಳಷ್ಟೇ ಇರುವುದರಿಂದ ಬೆರಳಿನ ಸದ್ದು ಅಲ್ಲಿಯೇ ಸತ್ತುಹೋಗುತ್ತದೆ, ಸತ್ತದ್ದನ್ನು ಮಿಕ್ಸಿಂಗ್‌ನಲ್ಲಿ ಎಬ್ಬಿಸಲಾಗದು. ಹಳೆಯ ತಂತಿಯೇ ದೋಷವೆಂದು ಎಲ್ಲರೂ ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಿಕೆಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಮ್ಮ ಫೆಂಡರ್ ಪ್ರಿಸಿಷನ್ ಬೇಸಿಗೆ ದಪ್ಪನೆಯ ಫ್ಲಾಟ್‌ವೂಂಡ್ (ಮೇಲ್ಮೈ ನುಣುಪಾದ) ತಂತಿಗಳನ್ನು ಹಾಕಿ ವರ್ಷಗಟ್ಟಲೆ ಬದಲಿಸದೆ ಒಂದೇ ತೋರುಬೆರಳಿನಲ್ಲಿ ಮೀಟುತ್ತಿದ್ದರು. ಆ ಪೆಟ್ಟು ಬೆರಳಿನಿಂದ ಬಂದದ್ದು, ಮುಂದಿನ ಸ್ವರ ಶುರುವಾಗುವ ಮುಂಚೆ ಹಿಂದಿನದನ್ನು ಹಿಡಿದು ನಿಲ್ಲಿಸುವ ಶಿಸ್ತಿನಿಂದ ಬಂದದ್ದು. ನಿಮ್ಮ ಟ್ರ್ಯಾಕಿನಲ್ಲಿ ಸ್ವರಗಳು ಒಂದರ ಮೇಲೊಂದು ಹರಿದಿದ್ದರೆ ಅವುಗಳ ಬಾಲಗಳನ್ನು ಕತ್ತರಿಸಿ ನೋಡಿ. ಎಷ್ಟೋ ಸಲ ಅರ್ಧ ತೊಂದರೆ ಅಷ್ಟಕ್ಕೇ ಮುಗಿಯುತ್ತದೆ.

ಬೇರೆಬೇರೆ ಕಂಪನಗಳನ್ನು ಏರಿಸಿ ಇಳಿಸುವ ಈಕ್ಯೂ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 30 ಹರ್ಟ್ಜ್‌ಗಿಂತ ಕೆಳಗಿನದನ್ನು ಹೈಪಾಸ್ ಫಿಲ್ಟರಿನಿಂದ ತೆಗೆಯಿರಿ, 200ರಿಂದ 300ರ ನಡುವೆ ಎರಡು ಮೂರು ಡೆಸಿಬೆಲ್ ಇಳಿಸಿ, 700ರಿಂದ 1000ದ ನಡುವೆ ಅಷ್ಟೇ ಏರಿಸಿ. ನೀವು ಏರಿಸಿರುವ 80 ಹರ್ಟ್ಜ್ ಅನ್ನು ಮೊದಲಿದ್ದ ಜಾಗಕ್ಕೆ ತನ್ನಿ. ಇದೆಲ್ಲವನ್ನೂ ಬೇಸ್ ಒಂದನ್ನೇ ಸೋಲೋ ಮಾಡಿಕೊಂಡು ಮಾಡಬೇಡಿ, ಕಿಕ್ ಡ್ರಮ್ ಜೊತೆಗಿಟ್ಟುಕೊಂಡೇ ಕೇಳಿ. ಭಾವಗೀತೆಯಾದರೆ ಕಿಕ್ ಬದಲು ತಬಲದ ಡಗ್ಗ ಇರುತ್ತದೆ. ಅದು ಸ್ವರದಿಂದ ಸ್ವರಕ್ಕೆ ಜಾರುವುದರಿಂದ ಅದಕ್ಕೆ ಒಂದೇ ಜಾಗ ಬಿಟ್ಟುಕೊಟ್ಟರೆ ಸಾಲದು. ಅಲ್ಲಿ ನಾನು ಡಗ್ಗ ನುಡಿದ ಕ್ಷಣಕ್ಕೆ ಬೇಸ್ ಎರಡು ಡೆಸಿಬೆಲ್ ತಗ್ಗುವಂತೆ ಸೈಡ್‌ಚೈನ್ ಕಟ್ಟುತ್ತೇನೆ.

ಜೋರಾದ ಸದ್ದನ್ನು ತಾನಾಗಿಯೇ ತಗ್ಗಿಸುವ ಕಂಪ್ರೆಸರ್ ಬಗ್ಗೆ ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ಪೆಟ್ಟು ಹುಟ್ಟುವುದೂ ಸಾಯುವುದೂ ಅದರಲ್ಲಿಯೇ. ಅಟ್ಯಾಕ್ ಅನ್ನು (ತಗ್ಗಿಸಲು ಅದು ತೆಗೆದುಕೊಳ್ಳುವ ಸಮಯವನ್ನು) ಎರಡು ಮೂರು ಮಿಲಿಸೆಕೆಂಡಿಗೆ ಇಟ್ಟರೆ ಬೆರಳು ತಂತಿಯನ್ನು ಬಿಟ್ಟ ಕ್ಷಣದ ಸದ್ದನ್ನೇ ಯಂತ್ರ ಅಮುಕಿಬಿಡುತ್ತದೆ, ಉಳಿಯುವುದು ಸಪಾಟಾದ ಗುನುಗು. ಅದನ್ನು 30 ಮಿಲಿಸೆಕೆಂಡಿಗೆ ಒಯ್ಯಿರಿ. ಆಗ ಮೊದಲ ಏಟು ಹಾದುಹೋಗಿ, ಹಿಂದಿನಿಂದ ಬರುವ ಸ್ವರದ ಉಳಿದ ಭಾಗ ತಗ್ಗುತ್ತದೆ. ಅನುಪಾತ ನಾಲ್ಕಕ್ಕೆ ಒಂದು, ಇಳಿತ ನಾಲ್ಕರಿಂದ ಆರು ಡೆಸಿಬೆಲ್ ಸಾಕು. ರಿಲೀಸ್ (ತಗ್ಗಿಸಿದ್ದನ್ನು ಬಿಡುವ ಸಮಯ) ತೀರ ಚುರುಕಾಗಿರಬಾರದು: 41 ಹರ್ಟ್ಜ್‌ನ ಒಂದು ಸುತ್ತಿಗೇ 24 ಮಿಲಿಸೆಕೆಂಡ್ ಬೇಕು, ಅದಕ್ಕಿಂತ ಬೇಗ ಬಿಡುವ ಕಂಪ್ರೆಸರ್ ಸ್ವರದ ಏರಿಳಿತವನ್ನು ಬಿಟ್ಟು ಅಲೆಯ ಏರಿಳಿತವನ್ನೇ ಹಿಂಬಾಲಿಸುತ್ತ ಗರಗರ ಎನ್ನಿಸುತ್ತದೆ. ನಿಮಿಷಕ್ಕೆ ನೂರು ಬೀಟುಗಳ ಗತಿಯ ಹಾಡಿನಲ್ಲಿ ಅರ್ಧ ಬೀಟಿಗೆ 300 ಮಿಲಿಸೆಕೆಂಡ್ ಸಿಗುವುದರಿಂದ, ರಿಲೀಸ್ 120 ಮಿಲಿಸೆಕೆಂಡಿನ ಆಸುಪಾಸಿನಲ್ಲಿದ್ದರೆ ಮುಂದಿನ ಮೀಟಿನ ಹೊತ್ತಿಗೆ ಕಂಪ್ರೆಸರಿನ ಇಳಿತ ತೋರಿಸುವ ಮುಳ್ಳು ಬಹುಮಟ್ಟಿಗೆ ಮೇಲೆದ್ದಿರುತ್ತದೆ. ಆ ಮುಳ್ಳು ಹಾಡಿನ ಲಯಕ್ಕೆ ತಲೆಯಾಡಿಸುತ್ತಿದ್ದರೆ ಸರಿಯಾಗಿದೆ ಎಂದೇ ತಿಳಿಯಿರಿ.

ಫೋನಿನ ಪ್ರಶ್ನೆಗೆ ಉತ್ತರ ತಂಬೂರಿಯಲ್ಲಿದೆ. ಕುದುರೆಯ ಮೇಲೆ ತಂತಿಯ ಅಡಿಗೆ ಜೀವದ ದಾರವನ್ನು ಸರಿಸಿದ ಕೂಡಲೇ ಮಂದ್ರ ಷಡ್ಜದಿಂದ ಯಾರೂ ಮೀಟದ ಸ್ವಯಂಭೂ ಗಾಂಧಾರ ಏಳುತ್ತದಲ್ಲ, ಹಾಗೆ ಬೇಸ್ ತಂತಿಗೂ ಮೇಲ್‌ಸ್ವರಗಳನ್ನು ಎಬ್ಬಿಸಬೇಕು. ಫೋನಿನ ಸ್ಪೀಕರ್ 41 ಹರ್ಟ್ಜ್ ನುಡಿಸಲಾರದು, ಆದರೆ 205, 246, 287 ಹರ್ಟ್ಜ್‌ಗಳ ಮೇಲ್‌ಸ್ವರಗಳು ಕಿವಿಗೆ ಬಿದ್ದರೆ ಇಲ್ಲದ ಮೂಲಸ್ವರವನ್ನು ಮಿದುಳೇ ಊಹಿಸಿಕೊಳ್ಳುತ್ತದೆ. ಅದಕ್ಕಾಗಿ ಟ್ರ್ಯಾಕನ್ನು ಎರಡು ಪ್ರತಿ ಮಾಡಿಕೊಳ್ಳಿ. ಒಂದರಲ್ಲಿ 200 ಹರ್ಟ್ಜ್‌ಗಿಂತ ಕೆಳಗಿನದನ್ನು ಮಾತ್ರ ಉಳಿಸಿ, ಸ್ವಚ್ಛವಾಗಿ, ಮೋನೋದಲ್ಲಿ ಇಡಿ. ಇನ್ನೊಂದಕ್ಕೆ ಮೊದಲು ಮೇಲ್‌ಸ್ವರಗಳನ್ನು ಎಬ್ಬಿಸುವ ಡಿಸ್ಟಾರ್ಷನ್ ಹಾಕಿ, ಅನಂತರ ಅದರ ಕೆಳಭಾಗವನ್ನು ಫಿಲ್ಟರಿನಿಂದ ಕಳೆದು, ಫೇಡರನ್ನು ಪೂರ್ತಿ ಕೆಳಗಿನಿಂದ ನಿಧಾನವಾಗಿ ಏರಿಸುತ್ತ ಬನ್ನಿ. ಒಂಟಿಯಾಗಿ ಕೇಳಿದರೆ ಇದು ಜೇನುಗೂಡಿನ ಸದ್ದಿನಂತೆ ಅಸಹ್ಯವಾಗಿರುತ್ತದೆ. ಹೆದರಬೇಡಿ, ಡ್ರಮ್ಸ್ ಮತ್ತು ಗಿಟಾರ್‌ಗಳ ನಡುವೆ ಅದು ಕಾಣುವುದೇ ಇಲ್ಲ. ಅದನ್ನು ಮ್ಯೂಟ್ ಮಾಡಿದಾಗ ಬೇಸ್ ಹಿಂದಕ್ಕೆ ಸರಿದಂತೆ ಅನ್ನಿಸಿದರೆ ಆ ಮಟ್ಟದಲ್ಲೇ ಬಿಡಿ.

ಆಮೇಲೆ ಧ್ವನಿಯನ್ನು ಮಾತಿನ ಮಟ್ಟಕ್ಕಿಂತಲೂ ತಗ್ಗಿಸಿ ಕೇಳಿ. ಮೆಲ್ಲಗೆ ಕೇಳುವಾಗ ನಮ್ಮ ಕಿವಿ ಮಂದ್ರವನ್ನು ಸಹಜವಾಗಿಯೇ ಕಡಿಮೆ ಗ್ರಹಿಸುತ್ತದೆ. ಅಷ್ಟರಲ್ಲೂ ಬೇಸ್ ಯಾವ ಸ್ವರಗಳನ್ನು ನುಡಿಸುತ್ತಿದೆ ಎಂದು ಗುನುಗಲು ನಿಮಗೆ ಸಾಧ್ಯವಾದರೆ ಫೈಲನ್ನು ಕಾರಿಗೆ ಒಯ್ಯಬಹುದು.