ಮೂರು ಸ್ವರದ ಹಾರನ್ನು, ಹೊಗೆಸೊಪ್ಪಿನ ಗಾಜು

ತೀರ್ಥಹಳ್ಳಿಯಿಂದ ನಿವೃತ್ತ ಮೇಷ್ಟ್ರೊಬ್ರು ಬರೆದಿದಾರೆ. ಮಗಳ ಮನೆಗೆ ಅಂತ ಜ್ಯೂರಿಕ್‌ಗೆ ಹೋದೋರು ಮೈರಿಂಗನ್‌ನಲ್ಲಿ ಹಳದಿ ಪೋಸ್ಟ್ ಬಸ್ (ಅಲ್ಲಿನ ಅಂಚೆಯೋರ ಬಸ್ಸು) ಹತ್ತಿ ಗ್ರಿಮ್ಸೆಲ್ ಘಾಟಿ, ಅಲ್ಲಿಂದ ಮುಂದೆ ಫುರ್ಕಾ ಘಾಟಿ ದಾಟಿದ್ರಂತೆ. "ಆ ಡ್ರೈವರ್ ತಿರುವಲ್ಲಿ ಬಸ್ ತಿರುಗಿಸಿದ್ದು ನೋಡಿ ಕೈ ಮುಗಿಯೋಣ ಅನಿಸ್ತು. ನಮ್ಮೋರಿಗೆ ಈ ಶಿಸ್ತು ಯಾವ ಕಾಲಕ್ಕೆ ಬರುತ್ತೆ ಸಂಪಾದಕರೇ?"

ಮೇಷ್ಟ್ರೇ, ಪತ್ರದ ಮೊದಲರ್ಧ ಓದಿ ಖುಷಿಯಾಯ್ತು. ರಜೆಗೆ ಅಂತ ಸ್ವಿಟ್ಜರ್‌ಲೆಂಡ್‌ಗೆ ಹೋದೋರು ಹಿಮ, ಚಾಕೊಲೇಟು, ಸೆಲ್ಫಿ ಬಿಟ್ಟು ಬಸ್ ಡ್ರೈವರ್ ಬಗ್ಗೆ ಎರಡು ಪುಟ ಬರೆದಿದ್ದು ನಾನಂತೂ ಕಂಡಿಲ್ಲ. ಅದು ಸಾಮಾನ್ಯ ಕೆಲಸ ಅಲ್ಲ ಬಿಡಿ, ಫುರ್ಕಾ ಅಂದ್ರೆ 2,429 ಮೀಟರು, ನಮ್ಮ ಮುಳ್ಳಯ್ಯನಗಿರಿಗಿಂತ ಎಷ್ಟೋ ಮೇಲೆ. ಮೊದಲು ಅಲ್ಲೆಲ್ಲ ಕುದುರೆ ಗಾಡೀಲೇ ಟಪ್ಪಾಲು, ಜನ ಎರಡೂ ಹೋಗ್ತಿದ್ದಿದ್ದು, 1906ರಲ್ಲಿ ಬರ್ನ್‌ನಿಂದ ಡೆಟ್ಲಿಗನ್‌ಗೆ ಮೊದಲ ಮೋಟಾರ್ ಪೋಸ್ಟ್ ಬಸ್ ಬಂತು. ಕುದುರೆ ಗಾಡಿಯೋರು ಊದ್ತಿದ್ದ ಕೊಂಬಿನ ಮೊಮ್ಮಗನೇ ನೀವು ಬಸ್ಸಲ್ಲಿ ಕೇಳಿದ ಆ ಮೂರು ಸ್ವರದ ಹಾರನ್ನು, ಸ್ವರ ಮಾತ್ರ ರೊಸ್ಸಿನಿಯ 'ವಿಲಿಯಂ ಟೆಲ್' ಆಪೆರಾದ್ದು. ನೀಲಿ ಬೋರ್ಡಿನ ಮೇಲೆ ಹಳದಿ ಕೊಂಬಿನ ಚಿತ್ರ ನೋಡಿರ್ತೀರಿ, ಅದಿರೋ ರಸ್ತೇಲಿ ಬಸ್ ಡ್ರೈವರ್ ಹೇಳಿದ್ದೇ ಕಾನೂನು. ಹಿಂದೆ ತಗೋ ಅಂದ್ರೆ ಎಷ್ಟು ದೊಡ್ಡ ಕಾರಿದ್ರೂ ಹಿಂದೆ ತಗೋಬೇಕು!

ಈಗ ಎರಡನೇ ಅರ್ಧಕ್ಕೆ ಬರ್ತೀನಿ. ನಮ್ಮೋರು ಸಾಚಾ ಅಂತ ಹೇಳಲ್ಲ, ಸ್ಟೇರಿಂಗ್ ಹಿಡಿದೇ ಫೋನಲ್ಲಿ ಮಾತಾಡೋರನ್ನ ನಾನೂ ನೋಡಿ ಬೈದಿದೀನಿ. ಅದಿರಲಿ. ಆದ್ರೆ ಮೇಷ್ಟ್ರೇ, ಮನೆ ಬಾಗಿಲಲ್ಲೇ ಆಗುಂಬೆ ಇಟ್ಕೊಂಡು ನೀವು ಈ ಮಾತು ಬರೀಬಹುದಾ?

ನಾನು ಕಾಲೇಜಲ್ಲಿದ್ದಾಗ ಒಂದು ಜುಲೈನಲ್ಲಿ ಉಡುಪಿಗೆ ಇಳೀತಾ ಇದ್ವಿ, ಮೂರನೇ ತಿರುವಿಗೆ ವೈಪರ್ ಕೈ ಕೊಡ್ತು. ಮಂಜು ಬೇರೆ. ಡ್ರೈವರ್ ಬಸ್ ನಿಲ್ಲಿಸಿ, ಕಿವಿ ಹಿಂದೆ ಸಿಕ್ಕಿಸಿದ್ದ ಬೀಡಿ ಬಿಡಿಸಿ, ಸಾಲದು ಅಂತ ಯಾರೋ ಅಜ್ಜನ ಸಂಚಿಯಿಂದ ಹೊಗೆಸೊಪ್ಪು ಇಸ್ಕೊಂಡು, ಗಾಜಿಗೆ ಗಸಗಸ ಉಜ್ಜಿದ್ರು. ನೀರು ಹನಿ ಕಟ್ಟದೆ ಜಾರೋಕೆ ಶುರುವಾಯ್ತು. ಕಂಡಕ್ಟರ್ ಮುಂದಿನ ಬಾಗಿಲಲ್ಲಿ ಜೋತುಬಿದ್ದು ಸೀಟಿ ಊದ್ತಾ, ಉಳಿದ ಹನ್ನೊಂದು ತಿರುವು ಹಾಗೇ ಇಳಿಸಿದ್ರು. ಕೆಳಗೆ ಸೋಮೇಶ್ವರದಲ್ಲಿ ಟೀ ಕುಡಿಯುವಾಗ ಅಜ್ಜ ಕೇಳಿದ್ದು ಒಂದೇ, "ನನ್ನ ಹೊಗೆಸೊಪ್ಪು?"

ಗುಡ್ಡದ ರಸ್ತೇಲಿ ಇಳಿಯೋ ಗಾಡಿ ಹತ್ತೋ ಗಾಡಿಗೆ ಜಾಗ ಬಿಡಬೇಕು ಅನ್ನೋ ರೂಲು ನಮ್ಮಲ್ಲೂ ಇದೆ. ವೀಕೆಂಡಿಗೆ ಬರೋ ಕಾರಿನೋರಿಗೆ ಹೇಳಿ ನೋಡಿ! ಬಸ್ ಅರ್ಧ ತಿರುಗಿರುವಾಗ ಮೂತಿ ತೂರಿಸಿ, ಗಾಜಿಳಿಸಿ, ಡ್ರೈವರ್‌ಗೇ ಬೈತಾರೆ. ಅಲ್ಲಿ ಅವನ ಕೈಗೆ ಕಾನೂನು ಕೊಟ್ಟಿದಾರೆ, ಇಲ್ಲಿ ಒಂದು ಸೀಟಿ.

ಟಪ್ಪಾಲು ಚೀಲ ನಮ್ಮ ಬಸ್ಸಲ್ಲೂ ಬರ್ತಿತ್ತಲ್ಲ, ಜೊತೆಗೆ ಪೇಪರ್ ಬಂಡಲ್ಲು, ಅಮ್ಮನ ಬಿಪಿ ಮಾತ್ರೆ, ಹಲಸಿನಹಣ್ಣು. ಹಾಲ್ಟಿಂಗ್ ಬಸ್ಸಿನೋರು ಬಸ್ಸಲ್ಲೇ ಮಲಗಿ ಬೆಳಿಗ್ಗೆ ಆರಕ್ಕೆ ಹೊರಡ್ತಿದ್ರು, ನಿಮ್ಮಂಥ ಮೇಷ್ಟ್ರುಗಳು ಶಾಲೆ ಮುಟ್ತಿದ್ದಿದ್ದು ಹಾಗೆ. ಕೊಪ್ಪದ ಸಹಕಾರ ಸಾರಿಗೆ ನೆನಪಿದೆಯಲ್ಲ? 1991ರಲ್ಲಿ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಸೇರಿ ಕಟ್ಟಿದ್ದು. 2020ರಲ್ಲಿ ನಿಂತೇ ಹೋಯ್ತು. ಹೋದ್ಮೇಲೆ ಫೇಸ್‌ಬುಕ್ಕಲ್ಲಿ ಕಣ್ಣೀರಿಟ್ಟೋರಲ್ಲಿ ಅರ್ಧ ಜನ ಕಾರು ಕೊಂಡು ಹತ್ತು ವರ್ಷ ಆಗಿತ್ತು. ನಾನೂ ಅದರಲ್ಲೊಬ್ಬ, ಅದಕ್ಕೇ ಇಷ್ಟು ಉರಿ.

ಅಂದಹಾಗೆ ಆ ಹಾರನ್ನು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದೀನಿ ಅಂದಿದ್ರಿ, ಆಫೀಸಿನ ನಂಬರಿಗೆ ವಾಟ್ಸ್ಆ್ಯಪ್ ಮಾಡಿ ಮಾರಾಯ್ರೇ, ನಮ್ಮ ಪ್ರೂಫ್ ನೋಡೋ ಹುಡುಗ ಕೇಳ್ಬೇಕಂತೆ. ಅವನಪ್ಪ ಚಾರ್ಮಾಡಿ ರೂಟಲ್ಲಿದ್ದೋರು.